ಎಂಟು ಗಜದ ಸೀರೆ, ಡಾಗ್ರಿಜ್ ಬೇರು: ಬೆಳಗಾವಿಯಿಂದ ತಿಕೋಟಾದವರೆಗೆ ನಾಲ್ಕು ದಿನ

ಮೊದಲ ದಿನ, ಶನಿವಾರ: ಬೆಳಗಾವಿ

ಬೆಳಗಾವಿಯಲ್ಲಿ ಬಸ್ ಇಳಿಯುವ ಹೊತ್ತಿಗೆ ಜಿಟಿಜಿಟಿ ಮಳೆ. 2025ರ ಅಕ್ಟೋಬರ್ 4. ದಸರೆ ಮುಗಿದು ಎರಡು ದಿನವಾಗಿತ್ತು. ಆಟೋಗಳಿಗೆ ಕಟ್ಟಿದ ಚೆಂಡುಹೂವಿನ ಮಾಲೆ ಇನ್ನೂ ಪೂರ್ತಿ ಬಾಡಿರಲಿಲ್ಲ. ಧಾರವಾಡದಿಂದ ಇಲ್ಲಿಗೆ ಬರುವುದು ನಮಗೆ ಪ್ರವಾಸ ಅನ್ನಿಸುವುದೇ ಇಲ್ಲ. ಆದರೆ ಈ ಸಲ ನಾನೂ ನನ್ನ ಗೆಳತಿಯೂ ನಾಲ್ಕು ದಿನ ಬಿಡುವು ಮಾಡಿಕೊಂಡು ಹೊರಟಿದ್ದೆವು. ಕ್ಯಾಂಪ್ ಭಾಗದಲ್ಲಿ ಎರಡು ದಿನದ ಬೈಬಲ್ ಅಧ್ಯಯನವಿತ್ತು. ದೇವರು ಕಳಿಸುತ್ತಾನೆ ಎಂದು ಜನ ಕಾದಿದ್ದ ಮೆಸ್ಸೀಯನ ಬಗ್ಗೆ ಬೈಬಲಿನ ಮೊದಲ ಭಾಗವಾದ ಹಳೆ ಒಡಂಬಡಿಕೆಯಲ್ಲಿರುವ ಪ್ರವಾದನೆಗಳು, ಜೊತೆಗೆ ಅದರ ಮೂಲ ಭಾಷೆ ಇಬ್ರಿಯದ (ಹೀಬ್ರೂ) ಮೊದಲ ಪಾಠ. ಅದು ಮುಗಿದ ಮೇಲೆ ಗುಳೇದಗುಡ್ಡದಲ್ಲಿ ಗೆಳತಿಯ ಚಿಕ್ಕಮ್ಮನ ಮನೆ, ಅಲ್ಲಿಂದ ವಿಜಯಪುರ.

ಈ ಅಧ್ಯಯನ ನನಗೆ ಯಾಕೆ ಬೇಕಿತ್ತು ಅಂದರೆ, ಸಂಡೆ ಸ್ಕೂಲಿನಲ್ಲಿ ನಾವು ಪ್ರವಾದನೆಗಳನ್ನು ಬಾಯಿಪಾಠ ಮಾಡಿದ್ದೆವು. ಯೆಶಾಯ 7:14. ಮೀಕ 5:2. ಯೆಶಾಯ 53. ತಪ್ಪಿಲ್ಲದೆ ಹೇಳಿದರೆ ಒಂದು ಪೆನ್ಸಿಲ್ ಬಹುಮಾನ. ಆ ವಚನಗಳು ಇವತ್ತಿಗೂ ನಾಲಿಗೆ ಮೇಲಿವೆ. ಆದರೆ ಅದರ ಹಿಂದಿನ ಸಾಲು ಏನು, ಮುಂದಿನ ಸಾಲು ಏನು, ಯಾರು ಯಾರಿಗೆ ಯಾವ ಕಷ್ಟದಲ್ಲಿ ಹೇಳಿದ ಮಾತು ಅದು, ಇದನ್ನೆಲ್ಲ ಕೂತು ಓದಿರಲಿಲ್ಲ. ವಯಸ್ಸಾದ ಹಾಗೆ ಇದು ಒಳಗೊಳಗೇ ಕಾಡುತ್ತಿತ್ತು.

ಕಲಿಸಿದವರು ಒಬ್ಬ ನಿವೃತ್ತ ಸಭಾಪಾಲಕರು. ಬೋರ್ಡಿನ ಬಲತುದಿಗೆ ಹೋಗಿ ನಿಂತು ಎಡಕ್ಕೆ ಬರೆಯುತ್ತಾ ಬಂದರು. ಇಬ್ರಿಯದಲ್ಲಿ 22 ಅಕ್ಷರ, ಎಲ್ಲವೂ ವ್ಯಂಜನ. "ನಮ್ಮ ಕಾಗುಣಿತ ತೆಗೆದುಬಿಟ್ಟರೆ ಏನಾಗುತ್ತದೆ ಅಂದುಕೊಳ್ಳಿ" ಎಂದರು. ಬರೀ ಕ-ಮ-ಲ ಅಂತ ಬರೆದಿದ್ದರೆ ಓದುವವನೇ ಕಮಲವೋ ಕಾಮಾಲೆಯೋ ತಿಳಿದುಕೊಳ್ಳಬೇಕು. ತಲೆಮಾರುಗಳಿಂದ ಬಾಯಲ್ಲಿ ಉಳಿದು ಬಂದ ಓದು ಅದು. ಆ ಓದು ಕಳೆದುಹೋಗಬಾರದು ಎಂದು ಅಕ್ಷರದ ಕೆಳಗೂ ಮೇಲೂ ಚುಕ್ಕಿ, ಗೆರೆ ಇಟ್ಟವರು ಮಸೋರೆಟರು ಎಂಬ ಯೆಹೂದ್ಯ ಪಂಡಿತರು. ಗಲಿಲಾಯ ಸರೋವರದ ದಂಡೆಯ ತಿಬೇರಿಯದಲ್ಲಿ, ಕ್ರಿಸ್ತಶಕ 10ನೇ ಶತಮಾನದ ಹೊತ್ತಿಗೆ ಆ ಕೆಲಸ ಒಂದು ಹದಕ್ಕೆ ಬಂದಿತ್ತು.

ಆಮೇಲೆ ಮೂರು ಅಕ್ಷರ ಬರೆದರು. ಮ, ಶ, ಹ. ಎಣ್ಣೆ ಸವರುವುದು ಎಂದು ಅರ್ಥ. ಅರಸನಿಗೆ, ಯಾಜಕನಿಗೆ ತಲೆಗೆ ಎಣ್ಣೆ ಸುರಿದು ಕೆಲಸಕ್ಕೆ ನೇಮಿಸುತ್ತಿದ್ದರು. ಹಾಗೆ ಎಣ್ಣೆ ಹಚ್ಚಿಸಿಕೊಂಡವನು ಮಾಶಿಯಹ್, ಅಂದರೆ ಮೆಸ್ಸೀಯ. ಗ್ರೀಕಿನಲ್ಲಿ ಕ್ರಿಸ್ತೋಸ್, ಕನ್ನಡದಲ್ಲಿ ಅಭಿಷಿಕ್ತ. ದಿನಕ್ಕೆ ಹತ್ತು ಸಲ ಹೇಳುವ 'ಕ್ರಿಸ್ತ' ಅನ್ನುವ ಮಾತಿನ ತಳದಲ್ಲಿ ಎಣ್ಣೆಯ ಜಿಡ್ಡು ಇದೆ ಎಂದು ನನಗೆ ಅವತ್ತೇ ಗೊತ್ತಾದದ್ದು.

ಮಧ್ಯಾಹ್ನ ಒಂದು ಎಡವಟ್ಟು ಆಯಿತು. ಊಟಕ್ಕೆ ಹೊರಗೆ ಹೋದಾಗ ನನ್ನ ನೋಟ್‌ಬುಕ್ ಮೇಲೆ ಮಳೆ ಬಿದ್ದಿತ್ತು. (ಅಕ್ಟೋಬರಿನಲ್ಲಿ ಬೆಳಗಾವಿಗೆ ಬರುವವರು ಕೊಡೆ ಮರೆಯಬೇಡಿ. ಬೆಳಿಗ್ಗೆ ಬಿಸಿಲಿತ್ತು ಅಂತ ನಂಬಿಕೊಂಡರೆ ಆಗೋದಿಲ್ಲ.) ವಾಪಸ್ ಬಂದು "ಇಸ್ರಾಯೇಲೇ ಕೇಳು, ನಮ್ಮ ದೇವರಾದ ಯೆಹೋವನು ಒಬ್ಬನೇ" ಎಂಬ ಸಾಲನ್ನು ಎಲ್ಲರ ಮುಂದೆ ಓದಿದೆ. ಕೊನೆಯ ಪದ ಎಖಾದ್, ಅಂದರೆ ಒಂದು. ನಾನು ಅಖೇರ್ ಎಂದು ಓದಿದೆ. ಅಖೇರ್ ಅಂದರೆ ಬೇರೆಯವನು! ದಾಲೆತ್ ಅಕ್ಷರದ ಮೂಲೆ ಚೂಪಾಗಿರಬೇಕು, ರೇಶ್ ಅಕ್ಷರದ್ದು ದುಂಡಗಿರಬೇಕು. ನಮ್ಮ 'ಪ' ಒಳಗೆ ಒಂದು ಗೆರೆ ಎಳೆದರೆ 'ಷ' ಆಗುವ ಹಾಗೆ. ನೀರು ಬಿದ್ದು ನನ್ನ ದಾಲೆತ್ತಿನ ಮೂಲೆ ಕರಗಿತ್ತು. ಗುರುಗಳು ಬೈಯಲಿಲ್ಲ. ಪುಸ್ತಕ ತೆರೆದು ತೋರಿಸಿದರು. ಇದೇ ತಪ್ಪು ಆಗಬಾರದು ಅಂತಲೇ ಈ ಒಂದು ವಚನದಲ್ಲಿ ಯೆಹೂದ್ಯ ಲಿಪಿಕಾರರು ಆ ದಾಲೆತ್ತನ್ನು ದೊಡ್ಡದಾಗಿ ಬರೆಯುತ್ತಾ ಬಂದಿದ್ದಾರಂತೆ. ಅಚ್ಚಾದ ಪುಟದಲ್ಲೂ ಅದು ಪಕ್ಕದ ಅಕ್ಷರಗಳಿಗಿಂತ ದಪ್ಪಗೆ ಎದ್ದು ಕಾಣುತ್ತಿತ್ತು. ಒಂದು ಮೂಲೆಗಾಗಿ ಇಷ್ಟು ಕಾಳಜಿ! ನಾನು ಆ ಅಕ್ಷರವನ್ನೇ ಸುಮ್ನೆ ನೋಡುತ್ತಾ ಕೂತೆ.

ರಾತ್ರಿ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಬೇತ್ಲೆಹೇಮ್ ಅಂದರೆ 'ರೊಟ್ಟಿಯ ಮನೆ' ಎಂದು ಸಂಜೆಯ ಪಾಠದಲ್ಲಿ ಕಲಿತಿದ್ದೆವು. ಬೇತ್ ಅಂದರೆ ಮನೆ, ಲೆಹೆಮ್ ಅಂದರೆ ರೊಟ್ಟಿ. ಮೀಕನ ಪ್ರವಾದನೆ ಆ ಸಣ್ಣ ಊರಿನಿಂದ ಒಬ್ಬ ಆಳುವವನು ಬರುತ್ತಾನೆ ಅನ್ನುತ್ತದೆ. ಇದನ್ನು ಮೆಸ್ಸೀಯನ ಮಾತು ಎಂದು ಓದಿದವರು ನಾವಷ್ಟೇ ಅಲ್ಲ. ಯೆಹೂದ್ಯರ ಹಳೆಯ ಅರಾಮಿಕ್ ಅನುವಾದ ತಾರ್ಗುಮ್ ಕೂಡ ಅಲ್ಲಿ ಮೆಸ್ಸೀಯ ಎಂಬ ಪದವನ್ನೇ ಇಟ್ಟಿದೆ. ಬಿಸಿ ರೊಟ್ಟಿ ಬಡಿಸಲು ಬಂದ ಹುಡುಗನಿಗೆ ಗೆಳತಿ ಇದನ್ನು ಹೇಳಿಯೇಬಿಟ್ಟಳು. ಅವನು "ಹಂಗಾದ್ರ ನಮ್ದೂ ಬೇತ್ಲೆಹೇಮ್ ಆತಲ್ರೀ" ಅಂದು ಇನ್ನೊಂದು ರೊಟ್ಟಿ ಹಾಕಿ ಹೋದ.

ಎರಡನೆಯ ದಿನ, ಭಾನುವಾರ: ಬೆಳಗಾವಿಯಿಂದ ಗುಳೇದಗುಡ್ಡ

ಬೆಳಿಗ್ಗೆ ಆರಾಧನೆ. ಬೆಳಗಾವಿಯಲ್ಲಿ ಲಂಡನ್ ಮಿಷನ್‌ನವರು ಕೆಲಸ ಶುರು ಮಾಡಿದ್ದು 1820ರಲ್ಲಿ. ಬಳ್ಳಾರಿಯಲ್ಲಿ ಕೂತು ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರು ಕನ್ನಡ ಬೈಬಲನ್ನು ತಿದ್ದಿ ತೀಡುತ್ತಿದ್ದ ಕಾಲ ಅದು. ಪೂರ್ತಿ ಬೈಬಲ್ 1831ರ ಹೊತ್ತಿಗೆ ಕನ್ನಡದಲ್ಲಿ ಬಂತು. ಗುರುಗಳ ಮೇಜಿನ ಮೇಲಿದ್ದ ಇಬ್ರಿಯ ಬೈಬಲ್ ನೋಡಿ ಒಬ್ಬರು "ಇದನ್ನು ಮೊದಲು ಸಂಪಾದಿಸಿದವರು ಕಿಟೆಲ್ ಅಂತೆ, ನಮ್ಮ ಕಿಟೆಲ್ಲರೇ ಅಲ್ವಾ?" ಎಂದು ಖುಷಿಯಿಂದ ಕೇಳಿದರು. ಅಲ್ಲ. 1906ರಲ್ಲಿ ಇಬ್ರಿಯ ಬೈಬಲ್ ಹೊರತಂದವರು ರುಡಾಲ್ಫ್ ಕಿಟೆಲ್. 1894ರಲ್ಲಿ ಕನ್ನಡ ನಿಘಂಟು ಕೊಟ್ಟವರು ಫರ್ಡಿನಾಂಡ್ ಕಿಟೆಲ್. ಬೇರೆ ಬೇರೆಯವರು. ಆದರೆ ನಮ್ಮ ಕಿಟೆಲ್ಲರೂ ಇಬ್ರಿಯ ಕಲಿತವರೇ.

ಆರಾಧನೆಯ ನಂತರ ಯೆಶಾಯ 7. ನನಗೆ ತುಂಬ ಬೇಕಾಗಿದ್ದ ಪಾಠ, ಭಯವೂ ಇದ್ದ ಪಾಠ. ಕ್ರಿಸ್ತಪೂರ್ವ 8ನೇ ಶತಮಾನ. ಯೆರೂಸಲೇಮಿನ ಅರಸ ಆಹಾಜ ಹೆದರಿದ್ದಾನೆ. ಇಬ್ಬರು ನೆರೆಯ ಅರಸರು ಕೂಡಿ ದಂಡೆತ್ತಿ ಬಂದಿದ್ದಾರೆ. ಆಗ ಪ್ರವಾದಿ ಕೊಡುವ ಗುರುತು ಇದು. ಒಬ್ಬ ಹೆಣ್ಣು ಮಗಳು ಬಸುರಾಗಿ ಮಗನನ್ನು ಹೆತ್ತು ಇಮ್ಮಾನುವೇಲ ಎಂದು ಹೆಸರಿಡುತ್ತಾಳೆ. ಆ ಮಗು ಒಳ್ಳೇದು ಕೆಟ್ಟದ್ದು ತಿಳಿಯುವಷ್ಟು ದೊಡ್ಡದಾಗುವ ಮುಂಚೆ ಆ ಇಬ್ಬರು ಅರಸರ ದೇಶ ಪಾಳು ಬೀಳುತ್ತದೆ. ಅಂದರೆ ಮಾತು ಮೊದಲು ಆಹಾಜನಿಗೆ, ಅವನ ಕಾಲಕ್ಕೆ.

ಇಬ್ರಿಯದ ಪದ ಅಲ್ಮಾ, ಅಂದರೆ ಹರೆಯದ ಹುಡುಗಿ. ಯೇಸು ಹುಟ್ಟುವುದಕ್ಕೂ ಮುಂಚೆ ಯೆಹೂದ್ಯರೇ ಮಾಡಿದ ಗ್ರೀಕ್ ಅನುವಾದದಲ್ಲಿ ಅದು ಪಾರ್ಥೆನೋಸ್, ಅಂದರೆ ಕನ್ಯೆ, ಆಯಿತು. ಸುವಾರ್ತೆಯಲ್ಲಿ ಮತ್ತಾಯ ಉದಾಹರಿಸಿದ್ದು ಆ ಗ್ರೀಕ್ ಪದವನ್ನು. ನಾವು ಓದುತ್ತಾ ಬಂದದ್ದು ಕನ್ಯೆ ಎಂದು. ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗ ಕೇಳಿದ: "ಹಾಗಾದರೆ ಯೆಹೂದ್ಯರು ಇದನ್ನು ಯೇಸುವಿನ ಬಗ್ಗೆ ಅಂತ ಯಾಕೆ ಒಪ್ಪುವುದಿಲ್ಲ? ಅವರಿಗೆ ಗೊತ್ತಾಗುವುದಿಲ್ಲವಾ?" ಗುರುಗಳ ಮುಖ ಸ್ವಲ್ಪ ಬಿಗಿಯಾಯಿತು. "ಅವರು ಆಹಾಜನ ಕಾಲ ಬಿಟ್ಟು ಕದಲುವುದಿಲ್ಲ. ಯೆಶಾಯ 53ರ ಬಾಧೆಪಡುವ ಸೇವಕನನ್ನು 11ನೇ ಶತಮಾನದ ಯೆಹೂದ್ಯ ಪಂಡಿತ ರಾಶಿ ಎಂಬವರು ಇಸ್ರಾಯೇಲ್ ಜನಾಂಗವೇ ಎಂದು ಓದಿದರು. ನಾನು ಅಲ್ಲಿ ಕ್ರಿಸ್ತನನ್ನು ಕಾಣುತ್ತೇನೆ. ಸಾಯುವ ತನಕ ಕಾಣುತ್ತೇನೆ. ಆದರೆ ಅವರು ಅಕ್ಷರ ಅಕ್ಷರ ಎಣಿಸಿ ಕಾಪಾಡದಿದ್ದರೆ ನೀನು ನಾನು ಓದಲಿಕ್ಕೆ ಏನಿರುತ್ತಿತ್ತು?" ಯಾರೂ ಮಾತಾಡಲಿಲ್ಲ. ನನಗೆ ಆ ದೊಡ್ಡ ದಾಲೆತ್ ನೆನಪಾಯಿತು.

ಎರಡು ಗಂಟೆಯ ಬಸ್ಸಿಗೆ ಹೊರಟೆವು. ಯರಗಟ್ಟಿ ದಾಟಿದ ಮೇಲೆ ಮೋಡ ತೆಳುವಾಯಿತು, ಮಣ್ಣು ಕಪ್ಪಾಯಿತು. ಕಬ್ಬು, ಗೋವಿನಜೋಳ, ಅಲ್ಲಲ್ಲಿ ಮಳೆಗೆ ಮಲಗಿದ ಬೆಳೆ. ಲೋಕಾಪುರ ಇನ್ನೂ ಸ್ವಲ್ಪ ದೂರ ಇರುವಾಗ ಬಸ್ಸಿನ ಟೈರ್ ಹೋಯಿತು. ಒಂದೂವರೆ ತಾಸು ರಸ್ತೆ ಬದಿಯ ಚಹಾದಂಗಡಿಯೇ ಗತಿ. ಮಿರ್ಚಿ ಭಜಿ ಬಿಸಿ ಇತ್ತು, ಹಾಗಾಗಿ ಯಾರಿಗೂ ಜಾಸ್ತಿ ಸಿಟ್ಟು ಬರಲಿಲ್ಲ.

ಅಲ್ಲಿ ಒಬ್ಬ ರೈತರು ಎತ್ತಿನ ಕೊರಳಿಗೆ ಹೊಸ ಹಗ್ಗ ಕೊಂಡು ನಿಂತಿದ್ದರು. ನಾಳೆ ಹೊಲಕ್ಕೆ ಹೋಗುತ್ತೀರಾ ಎಂದು ಕೇಳಿದೆ. "ನಾಳಿ ಸ್ವಾಮಾರ ಐತ್ರಿ. ಎತ್ತ ಹೂಡಂಗಿಲ್ಲ" ಎಂದರು. ಸೋಮವಾರ ಬಸವಣ್ಣನ ದಿನ, ಎತ್ತಿಗೆ ರಜೆ. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮಾತೇ. ಆದರೆ ಹಿಂದಿನ ದಿನವಷ್ಟೇ ಸಬ್ಬತ್ತಿನ ಆಜ್ಞೆ ಓದಿದ್ದೆವು. ಧರ್ಮೋಪದೇಶಕಾಂಡದಲ್ಲಿ ಏಳನೇ ದಿನ ನೀನು ಕೆಲಸ ಮಾಡಬೇಡ ಎಂದಷ್ಟೇ ಹೇಳಿ ನಿಲ್ಲುವುದಿಲ್ಲ. ನಿನ್ನ ಎತ್ತೂ, ನಿನ್ನ ಕತ್ತೆಯೂ ಮಾಡಬಾರದು ಎಂದಿದೆ. ಚಿಕ್ಕಂದಿನಿಂದ ಓದಿದರೂ ಆ ಎತ್ತಿನ ಮುಖ ನನಗೆ ಕಂಡಿರಲಿಲ್ಲ. ರೈತರಿಗೆ ಹೇಳಿದೆ. "ಆ ದೇಶದಾಗೂ ಎತ್ತಿಗೆ ಸೂಟಿ ಕೊಡ್ತಾರಂದ್ರ ಚಲೋ ಮಂದಿನ ಇರಬೇಕು ಬಿಡ್ರಿ" ಎಂದರು.

ಗುಳೇದಗುಡ್ಡ ಮುಟ್ಟಿದಾಗ ರಾತ್ರಿ ಒಂಬತ್ತು. ಚಿಕ್ಕಮ್ಮ ಜೋಳದ ನುಚ್ಚು, ಮಜ್ಜಿಗೆ ಇಟ್ಟುಕೊಂಡು ಕಾಯುತ್ತಿದ್ದರು.

ಮೂರನೆಯ ದಿನ, ಸೋಮವಾರ: ಮಗ್ಗ, ಮೊಸರು, ಹುಣ್ಣಿಮೆ

ಗುಳೇದಗುಡ್ಡದಲ್ಲಿ ಎಚ್ಚರವಾಗುವುದೇ ಮಗ್ಗದ ಸದ್ದಿಗೆ. ಬಾಸೆಲ್ ಮಿಷನ್ ಈ ಊರಿಗೆ ಬಂದದ್ದು 1851ರಲ್ಲಿ. ಆಗಲೂ ಇದು ನೇಕಾರರ ಊರೇ. ಗುಳೇದಗುಡ್ಡದ ರವಿಕೆ ಖಣ ಗೊತ್ತಿಲ್ಲದ ಹೆಣ್ಣುಮಕ್ಕಳು ನಮ್ಮ ಕಡೆ ಸಿಗಲಿಕ್ಕಿಲ್ಲ. ಕೈಮಗ್ಗ ನೋಡಬೇಕು ಅನ್ನುವವರು ಬೆಳಿಗ್ಗೆ ಹತ್ತರೊಳಗೆ ಓಣಿ ಓಣಿ ತಿರುಗಿ. ಸದ್ದು ಕೇಳಿದ ಮನೆಯ ಬಾಗಿಲಲ್ಲಿ ನಿಂತು ಕೇಳಿದರೆ ಒಳಗೆ ಕರೆಯುತ್ತಾರೆ.

ಚಿಕ್ಕಮ್ಮನ ಮನೆಯ ಹಿಂದಿನ ಓಣಿಯಲ್ಲಿ ಒಬ್ಬ ಅಜ್ಜ ಇಳಕಲ್ ಸೀರೆ ನೇಯುತ್ತಾರೆ. ಕುಣಿ ಮಗ್ಗ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಕುಣಿಯ ಅಂಚಿಗೆ ಕೂತು ನೇಯಬೇಕು. ಎಡಗೈ ಬಲಗೈ ನಡುವೆ ಲಾಳಿ ಓಡುತ್ತಿತ್ತು. ಯೋಬನ ಗ್ರಂಥದ ಒಂದು ಸಾಲು ಬಾಯಿಗೆ ಬಂತು. ನನ್ನ ದಿನಗಳು ಮಗ್ಗದ ಲಾಳಿಗಿಂತ ವೇಗ, ತಿಕ್ವಾ ಇಲ್ಲದೆ ಮುಗಿಯುತ್ತವೆ ಎನ್ನುತ್ತಾನೆ ಅವನು. ಕನ್ನಡದಲ್ಲಿ ನಾವು ಅದನ್ನು ನಿರೀಕ್ಷೆ ಎಂದು ಓದುತ್ತೇವೆ. ಆದರೆ ತಿಕ್ವಾ ಅಂದರೆ ಹಗ್ಗ, ಹುರಿ ಎಂದೂ ಆಗುತ್ತದೆ. ಯೆಹೋಶುವನ ಗ್ರಂಥದಲ್ಲಿ ರಾಹಾಬ ಎಂಬ ಹೆಂಗಸು ಕಿಟಕಿಗೆ ಕಟ್ಟಿದ ಕೆಂಪು ದಾರಕ್ಕೂ ಅದೇ ಪದ. ಯೋಬ ಎರಡನ್ನೂ ಒಟ್ಟಿಗೆ ಹೇಳುತ್ತಿದ್ದಾನೆ, ನೂಲೂ ಮುಗಿಯಿತು, ನಿರೀಕ್ಷೆಯೂ ಮುಗಿಯಿತು ಎಂದು. ಮಗ್ಗದ ಎದುರು ಕೂತಾಗ ಇದಕ್ಕೆ ವಿವರಣೆಯೇ ಬೇಕಾಗಲಿಲ್ಲ.

ಅಜ್ಜ ಮುಗಿಸಿದ ಒಂದು ಸೀರೆ ಬಿಚ್ಚಿದರು. ಕರಿ ಬಣ್ಣದ ಮೈ, ಕೆಂಪು ಸೆರಗು. "ಎಷ್ಟು ಗಜ?" ಎಂದೆ. "ಎಂಟ್ರೀ. ಈಗಿನ ಹುಡುಗ್ಯಾರಿಗೆ ಆರು ಸಾಕು. ಮಹಾರಾಷ್ಟ್ರದ ಕಡೆ ಒಂಬತ್ತು ಕೇಳತಾರ. ಹಳ್ಳಿ ಮುದುಕ್ಯಾರಿಗೆ ಎಂಟು." ಗೆಳತಿ ನನ್ನ ಮುಖ ನೋಡಿದಳು. ಇಬ್ಬರಿಗೂ ಒಂದೇ ಲೆಕ್ಕ ಹೊಳೆದಿತ್ತು. ಎಂಟು ಗಜ ಅಂದರೆ 7.3 ಮೀಟರ್. 1947ರಲ್ಲಿ ಮೃತ ಸಮುದ್ರದ ಹತ್ತಿರ ಕುಮ್ರಾನಿನ ಗವಿಯಲ್ಲಿ ಸಿಕ್ಕ ಯೆಶಾಯನ ದೊಡ್ಡ ಸುರುಳಿಯ ಉದ್ದ 7.34 ಮೀಟರ್. ಹದಿನೇಳು ಚರ್ಮದ ಹಾಳೆಗಳನ್ನು ಹೊಲಿದು ಕೂಡಿಸಿದ್ದು, 54 ಕಾಲಂ ಬರಹ. ಯೇಸು ಹುಟ್ಟುವುದಕ್ಕೆ ನೂರು ವರ್ಷಕ್ಕೂ ಹಿಂದೆ ಬರೆದದ್ದು. ಅದು ಎಷ್ಟು ಉದ್ದ ಎಂದು ಅಂಕಿಯಲ್ಲಿ ಕೇಳಿದ್ದೆವು. ಈಗ ಕಣ್ಣ ಮುಂದೆ ಹಾಸಿತ್ತು.

ಅಜ್ಜನ ಅಪ್ಪಣೆ ಕೇಳಿ, ಕೈ ಒರೆಸಿಕೊಂಡು, ಸೀರೆಯನ್ನು ಎರಡೂ ಕಡೆಯಿಂದ ಸುರುಳಿ ಮಾಡಿ ಹಿಡಿದೆವು. ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಗೆಳತಿಯ ಕೈಯಲ್ಲಿ. ಲೂಕ 4ರಲ್ಲಿ ನಜರೇತಿನ ಸಭಾಮಂದಿರದಲ್ಲಿ ಯೇಸುವಿನ ಕೈಗೆ ಯೆಶಾಯನ ಸುರುಳಿ ಕೊಡುತ್ತಾರೆ. ಆತ ಬಿಚ್ಚಿ, ಒಂದು ಜಾಗ ಹುಡುಕಿ ಓದುತ್ತಾನೆ. 61ನೇ ಅಧ್ಯಾಯದ ಮೊದಲ ಸಾಲು: ಬಡವರಿಗೆ ಶುಭವಾರ್ತೆ ಸಾರಲು ಕರ್ತನು ನನ್ನನ್ನು ಅಭಿಷೇಕಿಸಿದ್ದಾನೆ. ಅಲ್ಲಿರುವುದೂ ಅದೇ ಮ-ಶ-ಹ. ಒಟ್ಟು 66 ಅಧ್ಯಾಯದಲ್ಲಿ 61 ಎಲ್ಲಿ ಬರುತ್ತದೆ? ನಾವು ಗಜ ಗಜ ಬಿಚ್ಚುತ್ತಾ, ಈ ಕಡೆ ಸುತ್ತುತ್ತಾ ಹೋದೆವು. ಮೊದಲ ಗಜ ಮುಗಿಯುವ ಹೊತ್ತಿಗೇ ಇಮ್ಮಾನುವೇಲ ಹೋದ. ಆರೂವರೆ ಗಜದ ಹತ್ತಿರ ಬಾಧೆಪಡುವ ಸೇವಕ. ಏಳು ಗಜ ದಾಟಿದ ಮೇಲೆ 61. ಸೆರಗಿನ ಹತ್ತಿರ ಬಂದಿದ್ದೆವು. ನನ್ನ ಕೈ ಸೋತಿತ್ತು.

ಮೊದಲಿಂದ ಬಿಚ್ಚುತ್ತಾ ಬಂದರೆ ಆ ಒಂದು ವಚನಕ್ಕೆ ಬರುವಷ್ಟರಲ್ಲಿ ಇಡೀ ಯೆಶಾಯ ಕೈಯಲ್ಲಿ ಹಾದುಹೋಗುತ್ತದೆ. ಆಹಾಜನ ಭಯ, ಅಶ್ಶೂರರ ದಂಡು, ಬಾಬೆಲಿನ ಸೆರೆ, ಸಮಾಧಾನದ ಮಾತು, ಎಲ್ಲ. ನಾನು ಪೆನ್ಸಿಲಿನ ಆಸೆಗೆ ಕಲಿತಿದ್ದು ಕತ್ತರಿಸಿದ ತುಂಡುಗಳನ್ನು. ಹೀಗೆ ಎಂಟು ಗಜ ಕೈಯಲ್ಲಿ ಹಿಡಿದು ಓದಿದ ಮೇಲೆ ಆ ವಚನಗಳು ನನಗೆ ಎಳ್ಳಷ್ಟೂ ಸಣ್ಣದಾಗಲಿಲ್ಲ. ಭಾರ ಹೆಚ್ಚಾಯಿತು.

ಅಜ್ಜ ಅಷ್ಟೊತ್ತೂ ಸುಮ್ಮನೆ ನೋಡುತ್ತಿದ್ದವರು, "ಇಲ್ಲಿ ಮುಟ್ಟಿ ನೋಡ್ರಿ" ಎಂದು ಮೈಗೂ ಸೆರಗಿಗೂ ನಡುವಿನ ಜಾಗ ತೋರಿಸಿದರು. ಇಳಕಲ್ ಸೀರೆಯ ಗುಟ್ಟು ಅಲ್ಲಿದೆ. ಮೈಯ ಹಾಸು, ಅಂದರೆ ಉದ್ದುದ್ದ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಒಂದೊಂದೇ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಈ ಎಳೆಯ ಕುಣಿಕೆಯಲ್ಲಿ ಆ ಎಳೆಯ ಕುಣಿಕೆ. ಒಂದು ಸೀರೆಗೆ ಹೀಗೆ ಸಾವಿರಾರು. ಮನೆಯ ಹೆಣ್ಣುಮಕ್ಕಳೇ ಜಾಸ್ತಿ ಈ ಕೆಲಸ ಮಾಡುವುದು. ಬೆರಳ ತುದಿಗೆ ಒಂದು ಸಣ್ಣ ಏಣು ಸಿಕ್ಕಿತು, ಕಣ್ಣಿಗೆ ಕಾಣಲೇ ಇಲ್ಲ. "ಒಂದ್ ಕೊಂಡಿ ಬಿಟ್ರೂ ಸೆರಗ ಕೈಗೆ ಬರತೈತ್ರಿ" ಎಂದರು ಅಜ್ಜ. ಹಳೆ ಒಡಂಬಡಿಕೆ, ಹೊಸ ಒಡಂಬಡಿಕೆ ಎಂದು ಗೆಳತಿ ಮೆಲ್ಲಗೆ ಅಂದಳು. ನಾನು ಆ ಸೀರೆಯನ್ನೇ ಕೊಂಡೆ. ಆರು ಗಜ ಉಟ್ಟು ಅಭ್ಯಾಸ ಇರುವ ನನಗೆ ಎಂಟು ಗಜ ಉಡಲು ಬರುವುದಿಲ್ಲ. ಆದರೂ ಬೇಕಿತ್ತು.

ಮಧ್ಯಾಹ್ನ ಗದ್ದನಕೇರಿ ಕ್ರಾಸಿಗೆ ಬಂದು ವಿಜಯಪುರದ ಬಸ್ ಹಿಡಿದೆವು. ಕೊರ್ತಿ-ಕೊಲ್ಹಾರ ಸೇತುವೆ ಮೇಲೆ ಬರುವಾಗ ಎರಡೂ ಕಡೆ ಕೃಷ್ಣೆ ಸಮುದ್ರದ ಹಾಗಿದ್ದಳು, ಆಲಮಟ್ಟಿಯ ಹಿನ್ನೀರು. ಕೊಲ್ಹಾರದಲ್ಲಿ ಇಳಿಯದೆ ಮುಂದೆ ಹೋಗಬೇಡಿ. ಇಲ್ಲಿಯ ಮೊಸರಿಗೆ ಹೆಸರಿದೆ. ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕಿದ ಗಟ್ಟಿ ಮೊಸರು, ಮೇಲೆ ದಪ್ಪ ಕೆನೆ. ಗಡಿಗೆ ಬೋರಲು ಹಾಕಿದರೂ ಬೀಳುವುದಿಲ್ಲ ಅನ್ನುತ್ತಾರೆ, ನಾವು ಪರೀಕ್ಷೆ ಮಾಡಲು ಹೋಗಲಿಲ್ಲ. ರಸ್ತೆ ಬದಿ ನಿಂತು ಸಕ್ಕರೆ ಹಾಕಿಕೊಂಡು ತಿನ್ನುವಾಗ ಗೆಳತಿ ಮೊಬೈಲಿನಲ್ಲಿ ಬೈಬಲ್ ತೆಗೆದು ಯೆಶಾಯ 7:15 ಓದಿದಳು. ಆ ಮಗು ಮೊಸರನ್ನೂ ಜೇನನ್ನೂ ತಿನ್ನುತ್ತದೆ! ಬಾಯಿಪಾಠದ ವಚನದ ಮರುಸಾಲಿನಲ್ಲೇ ಇದ್ದ ಮೊಸರು. ದಂಡು ಬಂದು ಹೋದ ನಾಡಿನಲ್ಲಿ ಬಿತ್ತನೆ ನಿಂತು, ಉಳಿದ ಒಂದು ಹಸು, ಎರಡು ಕುರಿಯ ಹಾಲಿನಲ್ಲಿ ಜನ ಬದುಕುತ್ತಾರೆ ಎಂದು ಅದೇ ಅಧ್ಯಾಯದ ಕೊನೆಗೆ ಇದೆ. ಇಮ್ಮಾನುವೇಲ, ದೇವರು ನಮ್ಮ ಜೊತೆ ಇದ್ದಾನೆ ಎಂಬ ಹೆಸರು ಹುಟ್ಟಿದ್ದು ಅಂಥ ಮೊಸರಿನ ಊಟದ ಮನೆಯಲ್ಲಿ.

ವಿಜಯಪುರದ ಲಾಡ್ಜಿನ ತಾರಸಿಗೆ ರಾತ್ರಿ ಹತ್ತಿದೆವು. ಸೀಗೆ ಹುಣ್ಣಿಮೆಯ ಚಂದ್ರ. ದೂರದಲ್ಲಿ ಗೋಳಗುಮ್ಮಟದ ಗುಂಡು ಕಪ್ಪಗೆ ಕಾಣುತ್ತಿತ್ತು. ಅದೇ ಸಂಜೆ ಸೂರ್ಯ ಮುಳುಗಿದಾಗ ಯೆಹೂದ್ಯರ ಸುಕ್ಕೋತ್, ಅಂದರೆ ಗುಡಿಸಲು ಕಟ್ಟಿ ಅದರಲ್ಲಿ ಕೂತು ಉಣ್ಣುವ ಹಬ್ಬ, ಶುರುವಾಗಿತ್ತು. ಅವರಿಗೆ ದಿನ ಶುರುವಾಗುವುದೇ ಸಂಜೆಗೆ. ಅವರದೂ ಚಾಂದ್ರಮಾನ ಪಂಚಾಂಗ, ಅವರಲ್ಲೂ ಅಧಿಕ ಮಾಸ ಇದೆ. ಹಾಗಾಗಿ ಹೆಚ್ಚಿನ ವರ್ಷ ಸುಕ್ಕೋತ್ ಬರುವುದು ನಮ್ಮ ಸೀಗೆ ಹುಣ್ಣಿಮೆಗೇ. ಕೆಲವು ವರ್ಷ ಒಂದು ತಿಂಗಳು ಆಚೀಚೆ ಆಗುತ್ತದೆ. ಕನ್ನಡ ಬೈಬಲಿನಲ್ಲಿ ಅದರ ಹೆಸರು ಪರ್ಣಶಾಲೆಗಳ ಜಾತ್ರೆ. ಜಾತ್ರೆ ಅನ್ನುವ ಪದ ಹಾಕಿದವರಿಗೆ ನಮ್ಮ ಜನರ ಮನಸ್ಸು ಚೆನ್ನಾಗಿ ಗೊತ್ತಿತ್ತು.

ನಾಲ್ಕನೆಯ ದಿನ, ಮಂಗಳವಾರ: ಇಬ್ರಾಹಿಂ ರೋಜಾ, ತಿಕೋಟಾ

ಬೆಳಿಗ್ಗೆ ಬೇಗ ಇಬ್ರಾಹಿಂ ರೋಜಾ. ಶಾಲೆ ಮಕ್ಕಳ ಗುಂಪು ಬರುವ ಮುಂಚೆ ಹೋಗಬೇಕು. ಕಿಟಕಿಗಳ ಕಲ್ಲಿನಲ್ಲೇ ಅರಬ್ಬಿ ಅಕ್ಷರ ಕೊರೆದಿದ್ದಾರೆ, ಅಕ್ಷರಗಳ ನಡುವಿನಿಂದ ಬೆಳಕು ಒಳಗೆ ಬೀಳುತ್ತದೆ. ಅಲ್ಲಿ ಕೂತಿದ್ದ ಒಬ್ಬ ಹಿರಿಯರು ಬಲದಿಂದ ಎಡಕ್ಕೆ ಬೆರಳಾಡಿಸಿ ಓದಿ ತೋರಿಸಿದರು. ಮೂರು ದಿನದ ಹಿಂದೆ ಕಲಿತ ನನ್ನ ಕಣ್ಣೂ ಬಲಕ್ಕೇ ಹೋಗಿತ್ತು. ನಾವು ಏನು ಓದುತ್ತಿದ್ದೇವೆ ಎಂದು ಹೇಳಿದಾಗ, "ನಮ್ಮ ಕುರಾನಿನಾಗೂ ಈಸಾಗ ಮಸೀಹ್ ಅಂತೇವ್ರಿ" ಎಂದರು. ಅದೇ ಮೂರು ಅಕ್ಷರ. ಹೊರಡುವಾಗ ಅವರು ಸಲಾಂ ಅಂದರು, ಗೆಳತಿ ಶಾಲೋಮ್ ಅಂದಳು.

ತಿಕೋಟಾ ವಿಜಯಪುರದಿಂದ ಪಶ್ಚಿಮಕ್ಕೆ, ಬಸ್ಸಿನಲ್ಲಿ ಅರ್ಧ ತಾಸು ಚಿಲ್ಲರೆ. ಸುತ್ತ ಎಲ್ಲಿ ನೋಡಿದರೂ ದ್ರಾಕ್ಷಿ ಚಪ್ಪರ. ಚಿಕ್ಕಮ್ಮನ ಪರಿಚಯದ ರೈತರೊಬ್ಬರು ಸೀಗೆ ಹುಣ್ಣಿಮೆಯ ಊಟಕ್ಕೆ ಹೊಲಕ್ಕೆ ಕರೆದಿದ್ದರು. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ನಡೆಯುವ ಕಾಲ. ಅರ್ಧ ತೋಟ ಕತ್ತರಿಸಿ ಬೋಳಾಗಿತ್ತು. ಇನ್ನರ್ಧವನ್ನು ಮಳೆಗೆ ಹೆದರಿ ತಡೆದಿದ್ದರು. ಚಿಗುರು ಬಂದ ಮೇಲೆ ಮಳೆ ಹಿಡಿದರೆ ಡೌನಿ ರೋಗ ಬಿಡುವುದಿಲ್ಲ. ಹತ್ತು ದಿನದ ಹಿಂದೆ ಕತ್ತರಿಸಿದ ಸಾಲಿನಲ್ಲಿ ಕಣ್ಣುಗಳು ಒಡೆದು ತಿಳಿಗೆಂಪು ಚಿಗುರು ಹೊರಗೆ ಇಣುಕುತ್ತಿತ್ತು.

ನಾನು ಬಳ್ಳಿಯ ಬುಡ ನೋಡುತ್ತಾ ಕೂತೆ. ನೆಲದಿಂದ ಗೇಣು ಮೇಲೆ ಒಂದು ಗಂಟು. ಗಂಟಿನ ಕೆಳಗೆ ತೊಗಟೆ ಒಂದು ಬಗೆ, ಮೇಲೆ ಇನ್ನೊಂದು ಬಗೆ. "ಕಸಿ ಕಟ್ಟಿದ್ದು ರೀ" ಎಂದರು ರೈತರು. ಕೆಳಗಿನದು ಡಾಗ್ರಿಜ್, ಅಮೆರಿಕದ ಕಾಡು ದ್ರಾಕ್ಷಿಯ ಬೇರು. ಮೇಲಿನದು ಥಾಮ್ಸನ್. ಉಪ್ಪು ನೀರನ್ನೂ ಬರವನ್ನೂ ಡಾಗ್ರಿಜ್ ತಡೆದುಕೊಳ್ಳುತ್ತದೆ, ಹಣ್ಣು ಥಾಮ್ಸನ್ ಕೊಡುತ್ತದೆ. "ಬೇರು ಅದರದ್ದು, ಹಣ್ಣು ಇದರದ್ದು. ಬೇರು ಸತ್ರ ಹಣ್ಣೆಲ್ಲಿಂದ ಬರ್ತೈತಿ?"

ನನಗೆ ಮೈ ಜುಮ್ಮೆಂದಿತು. ರೋಮಾಪುರದವರಿಗೆ ಬರೆದ ಪತ್ರದ 11ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲ ಇದೇ ಕಸಿಯ ಮಾತು ಹೇಳುತ್ತಾನೆ, ಎಣ್ಣೆಮರದ (ಆಲಿವ್) ಮೇಲಿಟ್ಟು. ಇಸ್ರಾಯೇಲ್ ಊರಿನ ಮರ, ನಾವು ಅನ್ಯಜನರು ಕಾಡು ಕೊಂಬೆ. ನಮ್ಮನ್ನು ತಂದು ಆ ಮರಕ್ಕೆ ಕಸಿ ಕಟ್ಟಿದ್ದಾರೆ. ಹಾಗಾಗಿ ಕೊಚ್ಚಿಕೊಳ್ಳಬೇಡ, ಬೇರು ನಿನ್ನನ್ನು ಹೊತ್ತಿದೆ, ನೀನು ಬೇರನ್ನು ಹೊತ್ತಿಲ್ಲ ಎನ್ನುತ್ತಾನೆ. ಉತ್ಸಾಹದಲ್ಲಿ ಇದನ್ನು ರೈತರಿಗೆ ಹೇಳಿದೆ. ಅವರು ಒಪ್ಪಲಿಲ್ಲ.

"ಉಲ್ಟಾ ಆತಲ್ರೀ. ಕಾಡು ಬೇರಿಗೆ ಒಳ್ಳೆ ಟೊಂಗಿ ಕಟ್ಟತೀವಿ ನಾವು. ಒಳ್ಳೆ ಗಿಡಕ್ಕ ಕಾಡು ಟೊಂಗಿ ತಂದು ಯಾರು ಕಟ್ಟತಾರ? ಏನು ಲಾಭ?"

ನನಗೆ ಉತ್ತರ ಹೊಳೆಯಲಿಲ್ಲ. ಗೆಳತಿ ಮೊಬೈಲ್ ತೆಗೆದು ಅಧ್ಯಾಯವನ್ನು ಕೆಳಗೆ ಕೆಳಗೆ ಓದುತ್ತಾ ಹೋದಳು. 24ನೇ ವಚನಕ್ಕೆ ಬಂದು ನಿಂತಳು. ಸ್ವಭಾವಕ್ಕೆ ವಿರುದ್ಧವಾಗಿ ಕಸಿ ಕಟ್ಟಿದ್ದು ಎಂದು ಪೌಲನೇ ಬರೆದಿದ್ದಾನೆ. ಯಾವ ರೈತನೂ ಮಾಡದ ಕೆಲಸ ಅಂತ ಅವನಿಗೂ ಗೊತ್ತಿತ್ತು. ಎಷ್ಟು ಪ್ರಸಂಗಗಳಲ್ಲಿ ಈ ಅಧ್ಯಾಯ ಕೇಳಿದ್ದೇನೋ, ಈ ಪ್ರಶ್ನೆ ಮಾತ್ರ ತಿಕೋಟಾದ ತೋಟದಲ್ಲೇ ಕೇಳಬೇಕಾಯಿತು. "ಹಂಗಾದ್ರ ಲಾಭಕ್ಕಲ್ಲ, ಪ್ರೀತಿಗೆ ಕಟ್ಟಿರಬೇಕು" ಎಂದು ರೈತರು ಗಂಟಿನ ಮೇಲೆ ಕೈ ಆಡಿಸಿದರು.

ತೋಟದ ಮೂಲೆಯಲ್ಲಿ ಕಾವಲಿನ ಗುಡಿಸಲು. ನಾಲ್ಕು ಬಳಾರಿ ಕಂಬ, ಮೇಲೆ ಕಬ್ಬಿನ ಸೋಗೆ. ಅಲ್ಲೇ ಚಾಪೆ ಹಾಸಿದ್ದರು. ಮೊದಲು ಭೂಮಿತಾಯಿಗೆ ಪೂಜೆ ಮಾಡಿ, ಇಬ್ಬರು ಹುಡುಗರು ಚರಗ ಚೆಲ್ಲಲು, ಅಂದರೆ ನೈವೇದ್ಯವನ್ನು ಹೊಲಕ್ಕೆ ಎರಚಲು, ಹೋದರು. ಒಬ್ಬ "ಹುಲ್ಲುಲ್ಲಿಗೋ" ಎಂದು ಕೂಗಿದರೆ ಹಿಂದಿನವನು ದನಿಗೂಡಿಸುತ್ತಾ ಹೊಲದ ಸುತ್ತ ನಡೆದರು. ನಾವು ದೂರ ನಿಂತು ನೋಡಿದೆವು, ಯಾರೂ ಏನೂ ಅನ್ನಲಿಲ್ಲ. ಆಮೇಲೆ ಎಲೆ ಹಾಕಿದರು. ಸಜ್ಜಿ ಕಡಬು, ಶೇಂಗಾ ಹೋಳಿಗೆ, ಪುಂಡಿಪಲ್ಲೆ, ಕರಿಂಡಿ, ಮಡಕೆಯಲ್ಲಿ ಮೊಸರು ಬಾನ.

ಯೆಶಾಯನ ಮೊದಲ ಅಧ್ಯಾಯದಲ್ಲೇ ಒಂದು ಮಾತಿದೆ. ಹಾಳಾದ ನಾಡಿನಲ್ಲಿ ಚೀಯೋನ್, ಅಂದರೆ ಯೆರೂಸಲೇಮ್, ಒಂದೇ ಉಳಿದಿದೆ, ದ್ರಾಕ್ಷಿ ತೋಟದ ಸುಕ್ಕಾದ ಹಾಗೆ. ಸುಕ್ಕಾ ಅಂದರೆ ಇಂಥದೇ ಗುಡಿಸಲು. ಪ್ರವಾದಿ ಆಮೋಸ ಅದೇ ಪದ ಹಿಡಿದು, ಬಿದ್ದುಹೋದ ದಾವೀದನ ಗುಡಿಸಲನ್ನು ಎತ್ತಿ ನಿಲ್ಲಿಸುತ್ತೇನೆ ಎಂಬ ದೇವರ ಮಾತು ಹೇಳುತ್ತಾನೆ. ಅಪೊಸ್ತಲರ ಕೃತ್ಯಗಳು 15ರಲ್ಲಿ ಯೆರೂಸಲೇಮಿನ ಸಭೆಯ ಹಿರಿಯ ಯಾಕೋಬ ಅನ್ಯಜನರನ್ನು ಸೇರಿಸಿಕೊಳ್ಳುವಾಗ ಓದುವುದು ಆ ವಚನವನ್ನೇ. ಯೆಹೂದ್ಯ ಗುರುಗಳ ಚರ್ಚೆಗಳ ಗ್ರಂಥ ತಾಲ್ಮೂದಿನಲ್ಲಿ ಮೆಸ್ಸೀಯನಿಗೆ 'ಬಿದ್ದವನ ಮಗ' ಎಂಬ ಹೆಸರು ಬಂದದ್ದೂ ಅದರಿಂದಲೇ. ಅರಮನೆ ಎಂದು ಬರೆಯಬಹುದಿತ್ತು, ಅಲ್ವಾ? ಸೋಗೆಯ ಗುಡಿಸಲು ಎಂದು ಬರೆದರು.

ಕಡಬು ಮುಗಿದು ಬಾನ ಬಡಿಸುವ ಹೊತ್ತಿಗೆ ಪಡುವಣದಿಂದ ಮೋಡ ಬಂತು. ಟಪಟಪ ಹನಿ. ಸೋಗೆಯ ಸಂದಿಯಿಂದ ನೀರು ನನ್ನ ಎಲೆಗೇ ಬಿತ್ತು. ಸುಕ್ಕೋತ್ ಹಬ್ಬಕ್ಕೆ ಕಟ್ಟುವ ಸುಕ್ಕಾದ ಸೂರು ಸೊಪ್ಪು ಸೋಗೆಯದೇ ಆಗಿರಬೇಕು ಎಂಬ ನಿಯಮ ಇದೆ. ಹಾಗಾದರೆ ಮಳೆ ಬಂದರೆ? ಅದಕ್ಕೂ ಯೆಹೂದ್ಯರ ಹಳೆಯ ನಿಯಮಗಳ ಸಂಗ್ರಹ ಮಿಷ್ನಾದಲ್ಲಿ ಒಂದು ಸಾಲು ಇದೆ, ಗುರುಗಳು ಹೇಳಿದ್ದರು. ಗಂಜಿ ಕೆಡುವಷ್ಟು ಮಳೆ ಬಂದರೆ ಎದ್ದು ಮನೆಯೊಳಗೆ ಹೋಗಬಹುದು. ಎರಡು ಸಾವಿರ ವರ್ಷದ ಹಿಂದೆ ಯಾರೋ ಒಬ್ಬರು ನೆನೆಯುವ ಗಂಜಿಯನ್ನು ನೋಡುತ್ತಾ ಕೂತಿರಬೇಕು.

ರೈತರ ತಾಯಿ ಬಾನದ ಮಡಕೆಯನ್ನು ಸೆರಗಿನಲ್ಲಿ ಮುಚ್ಚಿ ಮಡಿಲಿಗೆ ಎಳೆದುಕೊಂಡರು. ಅವರು ಉಟ್ಟಿದ್ದದ್ದೂ ಎಂಟು ಗಜದ ಇಳಕಲ್. "ಇನ್ನಾ ಕೆಟ್ಟಿಲ್ಲ, ಕುಂಡ್ರಿ" ಎಂದು ನನ್ನ ಎಲೆಗೆ ಇನ್ನೊಂದು ತುತ್ತು ಹಾಕಿದರು. ಕೂತೆವು.